ಗೋಡೆಗೆ ತೂಗಿದ ಬಂದೂಕು, ಹೊಲದಲ್ಲಿ ಸಿಡಿಯುವ ಪೈಪು

ಕುಲಗೋಡ ಎಂದರೆ ನಾಡಿಗೆ ನೆನಪಾಗುವುದು ಶ್ರೀಕೃಷ್ಣ ಪಾರಿಜಾತ. ಆ ಆಟವನ್ನು ಜನರ ನಾಲಿಗೆಯ ಮೇಲೆ ನಿಲ್ಲಿಸಿದ ಕುಲಗೋಡ ತಮ್ಮಣ್ಣ ನಮ್ಮೂರವನು. ಬಂದೂಕಿಗೂ ನಮಗೂ ಅಂಥ ನಂಟೇನಿಲ್ಲ. ಹಾಗಿದ್ದೂ ಹೊಲದ ಹದ್ದು, ಕಾಲುವೆ ನೀರು, ಅಣ್ಣತಮ್ಮಂದಿರ ವಾಟಣಿ ಇವುಗಳಲ್ಲೇ ಕೂದಲು ಬೆಳ್ಳಗಾದ ನನ್ನಂಥ ತಾಲೂಕು ವಕೀಲನ ಟೇಬಲ್ಲಿಗೆ ಆಗೊಮ್ಮೆ ಈಗೊಮ್ಮೆ ಶಸ್ತ್ರಾಸ್ತ್ರ ಕಾಯ್ದೆಯ ಕಡತವೂ ಬರುತ್ತದೆ. ಬಂದಾಗಲೆಲ್ಲ ಆರೋಪಿ ಹೆಚ್ಚುಕಡಿಮೆ ಒಂದೇ ಥರದವನು. ಕಬ್ಬು, ಗೋವಿನಜೋಳ ಬೆಳೆಯುವವ. ಕೋರ್ಟಿನ ಮೆಟ್ಟಿಲು ಹತ್ತುವಾಗ ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಎಂದು ಅನುಮಾನಿಸುವವ. ಅಜ್ಜನ ಕಾಲದ ಮದ್ದು ತುಂಬುವ ಬಂದೂಕೊಂದು ಮನೆಯ ಗೋಡೆಗೆ ಇದ್ದದ್ದೇ ಅವನ ಅಪರಾಧ.

ಕಾಯ್ದೆ ಬಂದೂಕನ್ನು ಏನೆಂದು ಕರೆಯುತ್ತದೆ ಎನ್ನುವುದನ್ನು ಇಂಥವರಿಗೆ ಯಾರೂ ಹೇಳಿರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಎರಡನೇ ಕಲಮಿನಲ್ಲಿ ಅದಕ್ಕೆ ಉತ್ತರವಿದೆ. ಸ್ಫೋಟಕದಿಂದಾಗಲಿ ಬೇರೆ ಯಾವುದೇ ಬಗೆಯ ಶಕ್ತಿಯಿಂದಾಗಲಿ ಗುಂಡನ್ನೋ ಚರೆಯನ್ನೋ ಇನ್ನೇನನ್ನೋ ಹಾರಿಸುವುದಕ್ಕೆಂದು ಮಾಡಿದ, ಇಲ್ಲವೇ ಅದಕ್ಕೆ ಹೊಂದುವಂತೆ ಮಾರ್ಪಡಿಸಿದ ಆಯುಧವೆಲ್ಲ ಬಂದೂಕೇ. ಕೈಬಾಂಬು, ಹಾನಿಕಾರಕ ದ್ರವ ಅಥವಾ ಅನಿಲ ಚಿಮ್ಮುವ ಆಯುಧ, ಸದ್ದು ಅಡಗಿಸುವ ಸಾಧನ, ಬಂದೂಕಿನ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರ, ಎಲ್ಲವೂ ಆ ಒಂದೇ ಹೆಸರಿನೊಳಗೆ. ಬಿಚ್ಚಿಟ್ಟ ನಳಿಗೆಯೊಂದು ಕಣಜದ ಮೂಲೆಯಲ್ಲಿ ಸಿಕ್ಕರೂ ಸಾಕು.

ಈ ಮಾತನ್ನು ಅಕ್ಷರಕ್ಕೆ ಅಕ್ಷರ ಹಿಡಿದರೆ, ನಮ್ಮವ್ವ ಬಿಳಿಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಬೀಸುತ್ತಿದ್ದ ಕವಣಿಯೂ ಲೈಸನ್ಸಿಗೆ ಅರ್ಜಿ ಹಾಕಬೇಕಿತ್ತು. ಅದೂ ಕಲ್ಲು ಹಾರಿಸುತ್ತದೆ, ಶಕ್ತಿ ತೋಳಿನದು ಅಷ್ಟೇ. ಕವಣಿಯನ್ನು ಕಾಪಾಡಿರುವುದು ಅದೇ ಕಲಮಿನ ಇನ್ನೊಂದು ಸಾಲು: ಬರೀ ಮನೆಬಳಕೆಗೆ, ಒಕ್ಕಲುತನಕ್ಕೆ ಎಂದೇ ಮಾಡಿದ ವಸ್ತು ಆಯುಧವಲ್ಲ. ಲಾಠಿ, ಊರುಗೋಲುಗಳನ್ನು ಹೆಸರಿಟ್ಟೇ ಬಿಟ್ಟಿದ್ದಾರೆ. ಆಟಿಕೆಯಾಗಿ ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಬಾರದ, ತಿದ್ದಿದರೂ ನಿಜದ ಆಯುಧವಾಗದ ವಸ್ತುವನ್ನೂ ಬಿಟ್ಟಿದ್ದಾರೆ. ಜಾತ್ರೆಯಲ್ಲಿ ಫುಗ್ಗಾ ಒಡೆಯುವ ಗಾಳಿಬಂದೂಕು ಮಾತ್ರ ಈ ವ್ಯಾಖ್ಯೆಯ ಒಳಗೇ ಇದೆ. ನಳಿಗೆಯ ಅಳತೆ 4.5 ಮಿ.ಮೀ. ಮತ್ತು ಹೊರಬೀಳುವ ಶಕ್ತಿ 20 ಜೂಲ್ ದಾಟದಿದ್ದರೆ ಲೈಸನ್ಸ್ ಬೇಡ ಎಂದು 2016ರ ನಿಯಮಗಳು ಹೇಳಿರುವುದರಿಂದ ಜಾತ್ರೆಯ ಅಂಗಡಿಯವ ಬಚಾವಾಗಿದ್ದಾನೆ.

ಅಂದರೆ ಕಾಯ್ದೆ ಮೊದಲು ಬಲೆಯನ್ನು ಕೆರೆಯಷ್ಟಗಲ ಬೀಸುತ್ತದೆ, ಆಮೇಲೆ ಬೇಡದ ಮೀನನ್ನು ಕೈಯಿಂದ ಆರಿಸಿ ನೀರಿಗೆ ಬಿಡುತ್ತದೆ. ಹೀಗೆ ಮಾಡುವುದರಲ್ಲಿ ತಪ್ಪಿಲ್ಲ. ಆರಿಸುವ ಕೈ ಯಾರದು, ಅದು ಯಾವಾಗ ಬರುತ್ತದೆ ಎನ್ನುವುದು ನನ್ನ ತಕರಾರು.

ನಾನು ನಡೆಸಿದ ಒಂದು ಪ್ರಕರಣದ ಮುದ್ದೆಮಾಲು ಈಗಲೂ ಕಣ್ಣಮುಂದಿದೆ. ಗೋಣಿದಾರದಿಂದ ಚೀಟಿ ಕಟ್ಟಿ, ಅರಗಿನ ಮುದ್ರೆ ಒತ್ತಿದ ಮದ್ದಿನ ಬಂದೂಕು. ಕಟ್ಟಿಗೆ ಬಿರುಕು ಬಿಟ್ಟದ್ದಕ್ಕೆ ತಾಮ್ರದ ತಂತಿ ಸುತ್ತಿತ್ತು. ಕುದುರೆ ತುಕ್ಕು ಹಿಡಿದು ಎಳೆದರೆ ಅಲುಗುತ್ತಿರಲಿಲ್ಲ. ಕೇಪು ಕೂಡಿಸುವ ಮೊಳೆಯ ಜಾಗದಲ್ಲಿ ತೂತಷ್ಟೇ ಉಳಿದಿತ್ತು. ಮದ್ದು ಜಡಿಯುವ ಗಜವನ್ನು ಮನೆಯವರು ಎಂದೋ ಒಲೆ ಕೆದಕಲು ಒಯ್ದಿದ್ದರು. ನಳಿಗೆಯ ಬಾಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಪಂಚನಾಮೆಯಲ್ಲಿ ಅದನ್ನು ಯಾರೂ ಬರೆದಿರಲಿಲ್ಲ, ನಾನೇ ಪಾಟೀಸವಾಲಿನಲ್ಲಿ ಕೇಳಿ ಬರೆಸಿದೆ. ಪ್ರಯೋಗಾಲಯದಿಂದ ಬಂದ ವರದಿಯ ಸಾರ ಒಂದೇ ಸಾಲು: ಸದ್ಯದ ಸ್ಥಿತಿಯಲ್ಲಿ ಹಾರುವುದಿಲ್ಲ, ದುರಸ್ತಿ ಮಾಡಿದರೆ ಹಾರಬಹುದು.

ಇಡೀ ಮೊಕದ್ದಮೆ ನಿಂತದ್ದು ಆ ಸಾಲಿನ ಎರಡನೇ ಅರ್ಧದ ಮೇಲೆ. ಕಾಯ್ದೆಯ 45ನೇ ಕಲಮಿನಲ್ಲಿ ಬಡವನಿಗೊಂದು ಕಿಟಕಿ ಇದೆ. ಹಳೇ ಮಾದರಿಯ, ಪುರಾತನ ಬೆಲೆಯ, ಇಲ್ಲವೇ ಕೆಟ್ಟುಹೋದ ಆಯುಧ, ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದು ಎಂದಾದರೆ ಅದಕ್ಕೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ. ಕೇಳಲು ಚಂದ. ಆದರೆ ಮದ್ದು ತುಂಬುವ ಬಂದೂಕೆಂದರೆ ಒಂದು ಕಡೆ ಮುಚ್ಚಿದ ಕಬ್ಬಿಣದ ಕೊಳವೆ, ಒಂದು ಸ್ಪ್ರಿಂಗು, ಒಂದು ಕಟ್ಟಿಗೆ. ಕೈಯಲ್ಲಿ ಕಸುಬಿರುವ ಯಾವ ಕಮ್ಮಾರನೂ ಅದನ್ನು ಸರಿಮಾಡಬಲ್ಲ. ಹಾಗಾಗಿ ದುರಸ್ತಿಯೇ ಆಗದ ಹಳೇ ಬಂದೂಕು ಎಂಬುದು ಹೆಚ್ಚುಕಡಿಮೆ ಇರುವುದೇ ಇಲ್ಲ. ನಾಜೂಕಾದ ವಿದೇಶಿ ಪಿಸ್ತೂಲಿನ ಒಳಭಾಗ ಮುರಿದರೆ ಅದೇ ಬೇಗ ಈ ಕಿಟಕಿಯಲ್ಲಿ ತೂರಬಹುದೇನೋ! ವಸ್ತು ಎಷ್ಟು ಸರಳವೋ ಅಷ್ಟು ಗಟ್ಟಿಯಾಗಿ ಅದು ಕಾನೂನಿಗೆ ಸಿಕ್ಕಿಕೊಳ್ಳುತ್ತದೆ.

ನನ್ನ ಕಕ್ಷಿದಾರ ಕೊನೆಗೆ ಬಿಡುಗಡೆಯಾದ. ಬಂದೂಕಿನ ಸ್ಥಿತಿ ನೋಡಿ ಬಿಟ್ಟರು ಎಂದುಕೊಳ್ಳಬೇಡಿ. ಲೈಸನ್ಸಿಲ್ಲದೆ ಬಂದೂಕು ಇಟ್ಟುಕೊಂಡ ಆರೋಪಕ್ಕೆ ಮೊಕದ್ದಮೆ ಹೂಡುವ ಮುನ್ನ ಜಿಲ್ಲಾ ದಂಡಾಧಿಕಾರಿಯ ಮಂಜೂರಾತಿ ಬೇಕೆಂದು 39ನೇ ಕಲಂ ಹೇಳುತ್ತದೆ. ನಮ್ಮ ಕಡತದಲ್ಲಿ ದೋಷಾರೋಪ ಪಟ್ಟಿ ಮೊದಲು ಹೋಗಿತ್ತು, ಮಂಜೂರಾತಿ ಆಮೇಲೆ ಬಂದಿತ್ತು. ತಾರೀಖು ಹಿಂದುಮುಂದಾದದ್ದರಿಂದ ಒಬ್ಬ ಮನುಷ್ಯ ಮನೆಗೆ ಹೋದ. ತಾರೀಖು ಸರಿ ಇದ್ದಿದ್ದರೆ? 2019ರ ತಿದ್ದುಪಡಿಯ ನಂತರ ಇಂಥ ಬಂದೂಕಿಗೆ ಶಿಕ್ಷೆ ಎರಡರಿಂದ ಐದು ವರ್ಷ. ಅದಕ್ಕೂ ಮೊದಲು ಒಂದರಿಂದ ಮೂರು ಇತ್ತು. ಕಾರಣ ಬರೆದು ಕಡಿಮೆ ಮಾಡುವ ಅಧಿಕಾರ ನ್ಯಾಯಾಧೀಶರಿಗಿದೆ. ಕಮ್ಮಾರನ ಪಾಡು ಇನ್ನೂ ಘೋರ. ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದು, ಮಾರುವುದು, ದುರಸ್ತಿ ಮಾಡುವುದು ಎಲ್ಲ ಒಂದೇ ಸಾಲಿನಲ್ಲಿವೆ, ಶಿಕ್ಷೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ. ಕಳ್ಳ ಪಿಸ್ತೂಲಿನ ಕಾರ್ಖಾನೆ ನಡೆಸುವವನನ್ನು ಹಿಡಿಯಲು ಮಾಡಿದ ಕಲಂ ಅದು. ಕುಂಟಿಯ ಕುಡ ಬಡಿದುಕೊಂಡಿರುವ ಕಮ್ಮಾರ ಪರಿಚಯದವನ ಹಳೇ ಬಂದೂಕಿಗೆ ಒಂದು ಮೊಳೆ ಕೂಡಿಸಿಕೊಟ್ಟರೆ ಅವನೂ ಅದೇ ಕಲಮಿಗೆ ಬೀಳುತ್ತಾನೆ.

ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವನು ನಕ್ಕ. ಅಮೆರಿಕದ ಕೇಂದ್ರ ಕಾನೂನು 1968ರಿಂದಲೂ, 1898ರವರೆಗೆ ತಯಾರಾದ ಬಂದೂಕುಗಳನ್ನು ಪುರಾತನ ವಸ್ತುವೆಂದು ಬಂದೂಕಿನ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಗಾಳಿಬಂದೂಕು ಅವರ ಕೇಂದ್ರಕ್ಕೆ ಬಂದೂಕಲ್ಲ. ಅವನಿರುವ ರಾಜ್ಯದ ಕಾನೂನಿಗೆ ಮಾತ್ರ ಅದೂ ಬಂದೂಕು. ಹಾಗಂತ ಅವರ ದಾರಿ ನಮಗೆ ಬೇಡ. ಶಾಲೆಗೆ ಹೋದ ಮಗು ಸಂಜೆ ಮನೆಗೆ ಬರುತ್ತದೋ ಇಲ್ಲವೋ ಎಂದು ತಾಯಂದಿರು ಹೆದರುವ ದೇಶದಿಂದ ಬಂದೂಕಿನ ಪಾಠ ಕಲಿಯುವಷ್ಟು ದಡ್ಡರು ನಾವಲ್ಲ. ಆದರೂ ಇಪ್ಪತ್ತು ಗುಂಡು ಒಂದೇ ಉಸಿರಿಗೆ ಉಗುಳುವ ಯಂತ್ರವನ್ನೂ ಒಂದು ಈಡಿಗೆ ಮದ್ದು ಜಡಿದು ಮುಗಿಸುವಷ್ಟರಲ್ಲಿ ಹಂದಿ ಪಕ್ಕದ ಊರು ಸೇರಿರುವ ಕೊಳವೆಯನ್ನೂ ಬೇರೆ ಬೇರೆ ಎಂದು ಗುರುತಿಸುವ ವಿವೇಕ ಅವರ ಕಾನೂನಿನಲ್ಲಿದೆ.

ನಮ್ಮ ಕಾಯ್ದೆಗೆ ಆ ವಿವೇಕ ಯಾಕೆ ಬರಲಿಲ್ಲ ಎಂದು ಕೇಳಿದರೆ ಯಾದವಾಡ ದಾಟಿ ಮುಧೋಳದ ಕಡೆ ಹೋಗಬೇಕಾಗುತ್ತದೆ. ಹಲಗಲಿ ನಮಗೇನು ದೂರವಲ್ಲ. 1857ರ ಸೆಪ್ಟೆಂಬರಿನಲ್ಲಿ ಬ್ರಿಟಿಷರು ಶಸ್ತ್ರಗಳ ಕಾಯ್ದೆ ತಂದರು; ಹತಾರ ಇದ್ದವರು ಅದನ್ನು ಒಪ್ಪಿಸಬೇಕು, ಇಲ್ಲವೇ ಲೈಸನ್ಸ್ ಪಡೆಯಬೇಕು. ಬೇಟೆ, ಕಾವಲುಗಾರಿಕೆಗಳಲ್ಲಿ ಬದುಕಿದ್ದ ಹಲಗಲಿಯ ಬೇಡರಿಗೆ ಹತಾರವೆಂದರೆ ಕೈಯ ಆರನೇ ಬೆರಳು. ಜಡಗ, ಬಾಲ, ಹನುಮ, ರಾಮರ ಮುಂದಾಳುತನದಲ್ಲಿ ಒಪ್ಪಿಸುವುದಿಲ್ಲ ಎಂದರು. ನವೆಂಬರ್ ಮುಗಿಯುವಷ್ಟರಲ್ಲಿ ಪಡೆ ಬಂದು ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ ಹತ್ತೊಂಬತ್ತು ಜನರನ್ನು ನೇಣಿಗೆ ಹಾಕಿದರು. ಬ್ರಿಟಿಷ್ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್ ಸಂಗ್ರಹಿಸಿದ್ದರಿಂದ ಹಲಗಲಿಯ ಬೇಡರ ಮೇಲಿನ ಲಾವಣಿ ನಮಗೆ ಉಳಿಯಿತು, ಹತ್ತನೇ ತರಗತಿಯ ಮಕ್ಕಳು ಅದನ್ನು ಓದಿದರು. ಅದನ್ನು ಕಲಿಸಿದ ಮಾಸ್ತರರೊಬ್ಬರು ಒಮ್ಮೆ ನನ್ನನ್ನು ಕೇಳಿದ್ದರು, "ವಕೀಲ್ರ, ಆ ಕಾಯ್ದೆ ಈಗ ಇಲ್ಲಲ್ರಿ?" ಎಂದು. ಆ ಕಾಯ್ದೆ ಇಲ್ಲ. ಅದರ ಜಾಗಕ್ಕೆ 1860ರದು ಬಂತು, 1878ರದು ಬಂತು. ಆ 1878ರ ಕಾಯ್ದೆಯಲ್ಲಿ ಬಂದೂಕಿನ ಪಕ್ಕದಲ್ಲೇ ಭಲ್ಲೆ, ಬಿಲ್ಲು, ಬಾಣಗಳನ್ನೂ ಆಯುಧವೆಂದು ಬರೆದಿದ್ದರು. ಸ್ವಾತಂತ್ರ್ಯ ಬಂದು ಹನ್ನೆರಡು ವರ್ಷಕ್ಕೆ 1959ರ ಕಾಯ್ದೆ ಬಂದಾಗ ಬಿಲ್ಲುಬಾಣದ ಉಸಾಬರಿ ಸಡಿಲಾಯಿತು. ಬಂದೂಕಿನ ವ್ಯಾಖ್ಯೆ ಮಾತ್ರ ಇನ್ನಷ್ಟು ಅಗಲವಾಯಿತು. ಪ್ರಜೆಯ ಕೈಯಲ್ಲಿ ಏನಿದ್ದರೂ ಅನುಮಾನದಿಂದ ನೋಡುವ ಆ ಹಳೇ ದೃಷ್ಟಿ ಮೊಮ್ಮಗ ಕಾಯ್ದೆಗೂ ಇಳಿದಿದೆ.

ಇದೇ ಕರ್ನಾಟಕದ ಇನ್ನೊಂದು ಮೂಲೆಯಲ್ಲಿ ಕಥೆ ಬೇರೆ. ಹಲಗಲಿ ಸುಟ್ಟ ನಾಲ್ಕು ವರ್ಷಕ್ಕೆ, 1861ರಲ್ಲಿ, ಅದೇ ಬ್ರಿಟಿಷರು ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಅದು ಸ್ವತಂತ್ರ ಭಾರತದಲ್ಲೂ ಮುಂದುವರಿದಿದೆ. 2019ರ ಅಕ್ಟೋಬರಿನ ಕೇಂದ್ರ ಅಧಿಸೂಚನೆ ಅದನ್ನು 2029ರವರೆಗೆ ವಿಸ್ತರಿಸಿತು, 2021ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಕೊಡವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಕೈಲ್‌ಪೋಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಮನೆಗಳನ್ನು ನೋಡಿದವರಿಗೆ ಅದರ ಘನತೆ ಗೊತ್ತು. ನಾನು ಹೇಳುವುದು ಇಷ್ಟೇ: ಈ ವಿನಾಯಿತಿ ಈಗ ನಿಂತಿರುವುದು ಕಾಯ್ದೆಯ 41ನೇ ಕಲಮಿನ ಮೇಲೆ. ಸಾರ್ವಜನಿಕ ಹಿತದೃಷ್ಟಿಯಿಂದ ಒಂದು ಬಗೆಯ ಜನರಿಗೆ ಮಾತ್ರವೇ ಅಲ್ಲದೆ ಒಂದು ಬಗೆಯ ಆಯುಧಕ್ಕೂ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಆ ಕಲಮಿನಲ್ಲಿದೆ. ಗಾಳಿಬಂದೂಕಿಗೆ ಸಿಕ್ಕ ಸಡಿಲಿಕೆ ಮನೆತನದಿಂದ ಬಂದ ಮದ್ದಿನ ಬಂದೂಕಿಗೆ, ಲೈಸನ್ಸಿನ ಬದಲು ಬರೀ ನೋಂದಣಿಯ ಷರತ್ತಿನ ಮೇಲೆ, ಯಾಕೆ ಸಿಗಬಾರದು?

ಕೂಡಲೇ ಬರುವ ಎದುರುಮಾತು ನನಗೆ ಗೊತ್ತು, ಅದನ್ನು ಹಗುರಾಗಿ ತಳ್ಳಲೂ ಆಗದು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದದ್ದು ನಾಡಪಿಸ್ತೂಲಿನಿಂದ. ಎರಡು ವರ್ಷದ ನಂತರ ಬೆಂಗಳೂರಿನಲ್ಲಿ ಗೌರಿ ಲಂಕೇಶರ ಮೇಲೆ ಹಾರಿದ ಗುಂಡುಗಳೂ ಅದೇ ಆಯುಧದವು ಎಂದು ವಿಧಿವಿಜ್ಞಾನ ವರದಿ ಹೇಳಿತು. ಕಲಬುರ್ಗಿ ಸರ್ ಅವರ ಮಾತು ಕೇಳಲು ಗೋಕಾಕದಿಂದ ಧಾರವಾಡಕ್ಕೆ ಬಸ್ ಹತ್ತಿ ಹೋದವರಲ್ಲಿ ನಾನೂ ಒಬ್ಬ. ಬಂದೂಕಿನ ಕಾನೂನು ಸಡಿಲಾಗಲಿ ಎಂದು ನನ್ನ ಬಾಯಲ್ಲಿ ಬರುವುದು ಸಾಧ್ಯವಿಲ್ಲ. ಆದರೆ ಅಂಗಿಯೊಳಗೆ ಅಡಗಿಸಿಕೊಂಡು ಬೈಕಿನ ಮೇಲೆ ಬಂದು ಹೋಗುವ ಆ ಪಿಸ್ತೂಲನ್ನೂ ನಾಲ್ಕು ಫೂಟು ಉದ್ದದ, ಸಂತೆಯಲ್ಲಿ ಹಿಡಿದು ನಡೆದರೆ ಊರೇ ನೋಡುವ ಮದ್ದಿನ ಬಂದೂಕನ್ನೂ ಒಂದೇ ತಕ್ಕಡಿಗೆ ಹಾಕಿದರೆ ಪೊಲೀಸರ ಅಂಕಿಸಂಖ್ಯೆ ತುಂಬುತ್ತದೆ, ಕೊಲೆಗಾರ ಸಿಗುವುದಿಲ್ಲ.

ಇನ್ನು ಹೊಲದಲ್ಲಿ ಸಿಡಿಯುವ ಪೈಪಿನ ಮಾತು. ಹಿಂದಿನ ಸುಗ್ಗಿಯಲ್ಲಿ ನಮ್ಮ ಓಣಿಯ ಕಾಕಾ ಒಬ್ಬರು ಪಿವಿಸಿ ಪೈಪೊಂದನ್ನು ತಂದು ನನ್ನ ಟೇಬಲ್ಲಿನ ಮೇಲಿಟ್ಟರು. ಹಿಂದೆ ಒಲೆ ಹೊತ್ತಿಸುವ ಲೈಟರು ಸಿಗಿಸಿತ್ತು, ಒಳಗೆ ವೆಲ್ಡಿಂಗಿನವರ ಕಾರ್ಬೈಡಿನ ನಾತ. ಗೋವಿನಜೋಳಕ್ಕೆ ಬೀಳುವ ಹಂದಿ, ಮಂಗ್ಯಾಗಳನ್ನು ಓಡಿಸಲು ಮಗ ಎಲ್ಲಿಂದಲೋ ತಂದಿದ್ದ.

"ತಮ್ಮಾ, ಇದು ಬಂದೂಕ ಆಗ್ತೈತೇನು? ಸಪ್ಪಳ ಅಂತೂ ಬಂದೂಕಿಗಿಂತ ಜೋರೈತಿ."

"ಇದರಾಗ ಹಳ್ಳ ತುಂಬಿ ಹೊಡದೀರೇನು ಕಾಕಾ?"

"ಇಲ್ಲಪಾ, ಬರೇ ಸಪ್ಪಳ."

"ಹಂಗಾರ ಅಲ್ಲ. ಹಳ್ಳ ತುಂಬಿದ್ರ ಹೌದು ಅಂತಾರ."

ಅವರು ನನ್ನನ್ನೂ ಪೈಪನ್ನೂ ಬದಲಿಸಿ ಬದಲಿಸಿ ನೋಡಿದರು. ನನ್ನ ಉತ್ತರ ಕಾಯ್ದೆಯ ಪ್ರಕಾರ ಸರಿಯೇ ಇತ್ತು. ಹಾರಿಸುವ ವಸ್ತುವಿಲ್ಲದೆ ಬಂದೂಕಿಲ್ಲ. ಬೆಳೆ ಕಾಯಲು ಮಾಡಿದ್ದು ಆಯುಧವಲ್ಲ. ಮುಷ್ಟಿ ಕಲ್ಲು ಒಳಗೆ ಬಿದ್ದ ಕ್ಷಣವೇ ಅದೇ ಪೈಪು ಎರಡನೇ ಕಲಮಿನೊಳಗೆ ನಡೆದುಬರುತ್ತದೆ. 2025ರ ದೀಪಾವಳಿಯಲ್ಲಿ ಭೋಪಾಲ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಇದೇ ಪೈಪನ್ನು ಆಟಿಕೆಯೆಂದು ರಸ್ತೆಬದಿಯಲ್ಲಿ ಮಾರಿದರು. ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು, ಬಹಳಷ್ಟು ಮಕ್ಕಳು. ಯಾಕೆ ಸಿಡಿಯಲಿಲ್ಲ ಎಂದು ನಳಿಗೆಯೊಳಗೆ ಇಣುಕಿದ ಹೊತ್ತಿಗೇ ಅದು ಸಿಡಿದಿತ್ತು. ಮಧ್ಯಪ್ರದೇಶ ಸರ್ಕಾರ ಆಮೇಲೆ ನಿಷೇಧ ಹಾಕಿತು. ಕಾರ್ಬೈಡ್ ದಾಸ್ತಾನಿಗೆ 1987ರಿಂದಲೂ ನಿಯಮಗಳಿವೆ, ಅದರಿಂದ ಹಣ್ಣು ಮಾಗಿಸಕೂಡದೆಂದು ಆಹಾರದ ಕಾನೂನು ಹೇಳುತ್ತದೆ. ಪೈಪಿಗೆ ಮಾತ್ರ ಹೆಸರಿಲ್ಲ. ಹುಳ ಗೂಡು ಕಟ್ಟಿದ ಕಬ್ಬಿಣಕ್ಕೆ ಎರಡು ವರ್ಷ, ಮಕ್ಕಳ ಕಣ್ಣು ಸುಡುವ ಪ್ಲಾಸ್ಟಿಕ್ಕಿಗೆ ವ್ಯಾಖ್ಯೆಯೇ ಇಲ್ಲ. ಒಂದು ವಸ್ತುವಿನಿಂದ ಏನಾದೀತು ಎಂದು ಕಾಯ್ದೆ ಊಹಿಸುತ್ತ ಕೂತಿದೆ, ಏನಾಗುತ್ತಿದೆ ಎಂದು ನೋಡುತ್ತಿಲ್ಲ. ಈ ಪೈಪನ್ನು ಹೆಸರಿಟ್ಟು ಕಾಯ್ದೆಯೊಳಗೆ ತರಬೇಕು, ಆ ಕಬ್ಬಿಣಕ್ಕೆ ಹೊರಹೋಗುವ ದಾರಿಯನ್ನು ಅಗಲ ಮಾಡಬೇಕು.

ಕಾಕಾ ಪೈಪು ಹಿಡಿದು ಓಡಾಡುವ ಹಾಗಾದದ್ದು ಯಾಕೆಂದರೆ ಕಾಯ್ದೆ ಅವರಿಗೇ ಇಟ್ಟಿರುವ ಬಾಗಿಲು ತೆರೆಯುವುದಿಲ್ಲ. 13ನೇ ಕಲಂ ಬೆಳೆ ರಕ್ಷಣೆಗೆ ನಿಜವಾಗಿ ಬೇಕೆನ್ನುವವನಿಗೆ ಮದ್ದು ತುಂಬುವ ಬಂದೂಕಿನ ಲೈಸನ್ಸನ್ನು ಕೊಡತಕ್ಕದ್ದು ಎಂದೇ ಹೇಳುತ್ತದೆ. ಪಿಸ್ತೂಲು ಕೇಳುವವನ ಹಾಗೆ ಜೀವಬೆದರಿಕೆಯ ಪುರಾಣ ಒಪ್ಪಿಸಬೇಕಿಲ್ಲ. ಲೈಸನ್ಸ್ ಸಿಕ್ಕಿದರೂ ಹಂದಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು, ನವಿಲಿನ ಮಾತಂತೂ ಎತ್ತುವಂತಿಲ್ಲ. ಆದರೂ ರಾತ್ರಿ ಒಂದು ಈಡು ಹಾರಿಸಿದರೆ ಹಿಂಡು ಆ ಕಡೆ ಹೊರಳುತ್ತದೆ, ಬೇಕಾದದ್ದು ಅಷ್ಟೇ. ಅರ್ಜಿ ಎಷ್ಟು ದಿನದಲ್ಲಿ ತೀರ್ಮಾನವಾಗಬೇಕೆಂದು ನಿಯಮದಲ್ಲಿ ಗಡುವಿದೆ. ಗಡುವು ನಿಯಮದ ಪುಸ್ತಕದಲ್ಲಿದೆ, ಅರ್ಜಿ ಕಡತದ ರಾಶಿಯಲ್ಲಿದೆ.

ಬಂದೂಕು, ಮದ್ದುಗುಂಡು, ಸ್ಫೋಟಕ ಇವೆಲ್ಲ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿಯ ಐದನೇ ಬಾಬತ್ತು. ವ್ಯಾಖ್ಯೆಯ ಒಂದು ಅಕ್ಷರ ಬದಲಿಸಲೂ ಬೆಂಗಳೂರಿಗೆ ಅಧಿಕಾರವಿಲ್ಲ, ಆ ಕೆಲಸ ನಮ್ಮ ಸಂಸದರದು. ಕಬ್ಬಿನ ದರದ ಬಗ್ಗೆ ಮಾತಾಡಿದ ಮೇಲೆ ಉಸಿರು ಉಳಿದರೆ ಅವರು ಇದನ್ನೂ ಒಂದು ಸಲ ಎತ್ತಲಿ. ಬೆಳಗಾವಿಯ ಜಿಲ್ಲಾಡಳಿತ ಮಾಡಬಹುದಾದದ್ದಕ್ಕೆ ಮಾತ್ರ ದಿಲ್ಲಿಯ ದಾರಿ ಕಾಯಬೇಕಿಲ್ಲ. ಮೂಡಲಗಿ, ಗೋಕಾಕ, ಹುಕ್ಕೇರಿ ತಾಲೂಕುಗಳಲ್ಲಿ ವರ್ಷಕ್ಕೊಂದು ದಿನ ಪಂಚಾಯ್ತಿ ಕಟ್ಟೆಯಲ್ಲೇ ಶಿಬಿರ ಮಾಡಲಿ. ಬಂದೂಕು ಬಲ್ಲ ಒಬ್ಬ ಅಧಿಕಾರಿ ಕೂತು, ಇದು 45ನೇ ಕಲಮಿನ ಕಿಟಕಿಯಲ್ಲಿ ಹೋಗುತ್ತದೆ, ಇದಕ್ಕೆ ಲೈಸನ್ಸ್ ಬೇಕು, ಇದನ್ನು ಇಲ್ಲೇ ಒಪ್ಪಿಸು ಎಂದು ಹೇಳಿ ಬರೆದುಕೊಡಲಿ. ತಾನಾಗಿ ತಂದವನ ಮೇಲೆ ಕೇಸಿಲ್ಲ ಎಂದು ಮೊದಲೇ ಡಂಗುರ ಸಾರಲಿ. ಅಜ್ಜನ ಬಂದೂಕನ್ನು ಬಾವಿಗೆ ಎಸೆಯಲು ನಡುರಾತ್ರಿ ಎದ್ದವರ ಕಥೆಗಳು ನನ್ನ ಬಳಿ ಇವೆ. ಎಸೆದದ್ದು ಬೇಸಿಗೆಯಲ್ಲಿ ಹೂಳೆತ್ತುವವರ ಕೈಗೆ ಸಿಕ್ಕು ಮತ್ತೊಂದು ಪಂಚನಾಮೆಯಾದದ್ದೂ ಇದೆ.

ಅಲ್ಲಿಯವರೆಗೆ ಕೇಳಲು ಬಂದವರಿಗೆ ನಾನು ಹೇಳುವುದು ಇದು. ಲೈಸನ್ಸ್ ಅಪ್ಪನ ಹೆಸರಿನಲ್ಲಿದ್ದು ಅಪ್ಪ ತೀರಿಕೊಂಡಿದ್ದರೆ ದಿನಕರ್ಮ ಮುಗಿದ ಮೇಲೆ ತಡ ಮಾಡಬೇಡಿ. ಅಪ್ಪ ತೀರಿದ ದಿನದಿಂದಲೇ ಅದು ನಿಮ್ಮ ಕೈಯಲ್ಲಿ ಲೈಸನ್ಸಿಲ್ಲದ ಬಂದೂಕು. 21ನೇ ಕಲಮಿನ ಪ್ರಕಾರ ಠಾಣೆಗೋ ಪರವಾನಗಿ ಇರುವ ಬಂದೂಕು ಅಂಗಡಿಗೋ ಒಪ್ಪಿಸಿ, ಅಲ್ಲಿಟ್ಟೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಿ. ಅರ್ಜಿ ಎರಡು ಪ್ರತಿ ಇರಲಿ, ಒಂದರ ಮೇಲೆ ತಾರೀಖಿನ ಸಮೇತ ಠಸ್ಸೆ ಹೊಡೆಸಿಕೊಳ್ಳಿ. ಒಯ್ಯುವಾಗ ಊರ ಹಿರಿಯರೊಬ್ಬರು ಜೊತೆಗಿರಲಿ, ಗೋಣಿಚೀಲದಲ್ಲಿ ಮುಚ್ಚಿ ಒಯ್ಯಬೇಡಿ. ಮತ್ತೆ ದಯವಿಟ್ಟು, ಒಪ್ಪಿಸುವ ಮುಂಚೆ ಚಂದ ಕಾಣಲಿ ಎಂದು ಕಮ್ಮಾರನ ಬಳಿ ಮಾತ್ರ ಒಯ್ಯಬೇಡಿ.